ಸುಂದರಬಾಯಿ ಕಾಶಿಗೆ ಹೋಗಲಿಲ್ಲ

ಭಾಲ್ಕಿಯಲ್ಲಿ ಯಾರಾದರೂ ದೂರದ ಊರಿಗೆ ಹೊರಟರೆ ಮೊದಲು ಮುಹೂರ್ತ ಕೇಳುತ್ತಿರಲಿಲ್ಲ. ಸುಂದರಬಾಯಿಗೆ ಯಾವಾಗ ಪುರುಸೊತ್ತು ಎಂದು ಕೇಳುತ್ತಿದ್ದರು. ಕಾಶಿಗೆ ಹೋಗುವ ಮುದುಕರು, ಹೈದರಾಬಾದಿನ ಅದಾಲತ್ತಿಗೆ ಅಲೆಯುವ ಗೌಡರು, ಸೊಲ್ಲಾಪುರಕ್ಕೆ ಕೊಟ್ಟ ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಂದಿರು, ಎಲ್ಲರೂ ನಮ್ಮ ಮನೆಯ ಪಡಸಾಲೆಗೆ ಬಂದು ಕೂರುತ್ತಿದ್ದರು. ಬುತ್ತಿ ಹೇಗೆ ಕಟ್ಟಬೇಕು, ಹಾಸಲು ಏನು ಒಯ್ಯಬೇಕು, ಯಾವುದನ್ನು ಮನೆಯಲ್ಲೇ ಬಿಡಬೇಕು, ಎಲ್ಲವನ್ನೂ ಆಕೆಯೇ ಹೇಳಬೇಕು. ಹೀಗೆ ಊರಿಗೆಲ್ಲ ಗಂಟು ಕಟ್ಟಿಕೊಟ್ಟ ಹೆಂಗಸು ಐವತ್ತು ವರ್ಷದವರೆಗೆ ಒಂದು ಕಡೆ ಬೀದರ, ಇನ್ನೊಂದು ಕಡೆ ತವರೂರು ಔರಾದ, ಇವೆರಡನ್ನು ಬಿಟ್ಟು ಮೂರನೇ ಊರಿನ ನೀರು ಕುಡಿದವಳಲ್ಲ.

ಮನ್ಮಥಪ್ಪ ನನ್ನ ಅಜ್ಜ, ಕೌಸಲ್ಯಾಬಾಯಿ ನನ್ನ ಅಜ್ಜಿ. ಸುಂದರಬಾಯಿ ಅಜ್ಜನ ಅಣ್ಣ ಹಾವಗೆಪ್ಪನ ಹೆಂಡತಿ. ಹಾವಗೆಪ್ಪ ತೀರಿಕೊಂಡ ಮೇಲೆ ಅಂಗಡಿ, ಮನೆ, ಮಾತು ಎಲ್ಲ ಅಜ್ಜನ ಕೈಗೆ ಬಂದವು. ಸತ್ತ ಅಜ್ಜನ ಬಗ್ಗೆ ಕೆಟ್ಟದ್ದು ಬರೆಯಬಾರದು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ನಾನಂತೂ ದೊಡ್ಡಜ್ಜಿಯ ಪಕ್ಷ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಈ ಕಥೆಯ ಬೇರು ಗಂಡ ಹೆಂಡಿರ ಒಂದು ಜಗಳದಲ್ಲಿದೆ. ಹಾವಗೆಪ್ಪ ಹರೆಯದಲ್ಲಿ ಒಮ್ಮೆ ಹತ್ತಿಯ ವ್ಯಾಪಾರಿಗಳ ಜೊತೆ ಮುಂಬೈಗೆ ಹೋಗಿ ಬಂದಿದ್ದ. ಬಂದವನು ಹೆಂಡತಿಗೆ ಹೇಳಿದ: "ಸಮುದ್ರ ಅಂದ್ರ ಎಷ್ಟ ನೀರು ಅಂತಿ! ಆಚಿ ದಂಡಿನೇ ಇಲ್ಲ." ಸುಂದರಬಾಯಿ ಹುಟ್ಟಿ ಬೆಳೆದದ್ದು ಮಾಂಜ್ರಾ ನದಿಯ ಸೀಮೆಯಲ್ಲಿ. ಮಹಾಪೂರ ಬಂದಾಗಲೂ ಆಚೆಯ ದಡದ ಬೇವಿನ ಮರ ಕಾಣುತ್ತಿತ್ತು. "ದಂಡಿ ಇಲ್ಲದ ನೀರು ನಿಂದರೋದು ಹ್ಯಾಂಗ್ರಿ? ಸುಳ್ಳ ಹೇಳ್ಲಾಕೂ ಒಂದ ಅಳತಿ ಬೇಕು" ಎಂದಳು. ಆತ ಖರೇ ಎಂದ, ಈಕೆ ಸುಳ್ಳು ಎಂದಳು. ಮೂವತ್ತು ವರ್ಷ ಊಟಕ್ಕೆ ಕೂತಾಗ, ಹೊಲಕ್ಕೆ ಹೋಗುವಾಗ, ನೆಂಟರ ಮುಂದೆ ಕೂಡ ಈ ವಾದ ನಡೆದೇ ಇತ್ತು. "ಕರ್ಕೊಂಡು ಹೋಗಿ ತೋರಿಸ್ತೇನಿ ತಾಳು" ಎನ್ನುತ್ತಿದ್ದ. ತೋರಿಸದೆ ಹೋದ. ಆಕೆಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಯಿತು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ವಾದ ಮುಗಿಸದೆ ಎದ್ದು ಹೋಗುವುದು ಯಾವ ನ್ಯಾಯ?

ಬೀದರಿಗೆ ರೈಲು ಬಂದ ಹೊಸತು. ನಮ್ಮ ಊರಿಗಿನ್ನೂ ಬಂದಿರಲಿಲ್ಲ. ಸಂಕ್ರಾಂತಿ ಮುಗಿದಿತ್ತು, ಔರಾದಿನ ತವರಿನ ಹೊಲದಲ್ಲಿ ಆಕೆಯ ಪಾಲಿನ ತೊಗರಿ ಚೆನ್ನಾಗಿ ಬಂದಿತ್ತು. ಒಂದು ಮುಂಜಾನೆ ಅಂಗಡಿಗೆ ಹೊರಟಿದ್ದ ಅಜ್ಜನ ಎದುರು ನಿಂತು ಸುಂದರಬಾಯಿ ಹೇಳಿದಳು.

"ಮನ್ಮಥಪ್ಪ, ನಾ ಮುಂಬೈಗಿ ಹೋಗ್ತೇನಿ."

"ಮುಂಬೈಯಾಗ ಯಾವ ದೇವರು ಅದ, ವೈನಿ?" ಅಜ್ಜ ಅತ್ತಿಗೆಯನ್ನು ಕೇಳಿದ.

"ಯಾವುದರೆ ಇರಲಿ. ನಾ ದೇವರ ನೋಡ್ಲಾಕ ಹೊಂಟಿಲ್ಲ. ಸಮುದ್ರ ನೋಡ್ಲಾಕ ಹೊಂಟೀನಿ."

ಅಜ್ಜ ನಕ್ಕ. ಆಕೆ ನಗಲಿಲ್ಲ. ಆಗ ಆತ ಪಡಸಾಲೆಯ ಕಟ್ಟೆಯ ಮೇಲೆ ಕೂತು ಬುದ್ಧಿ ಹೇಳಲು ಶುರುಮಾಡಿದ.

"ನೋಡ್ರಿ ವೈನಿ, ಹೆಣ್ಣಮಕ್ಕಳು ಮನಿ ಬಿಟ್ಟು ಹೋಗ್ಲಾಕ ಮೂರೇ ಕಾರಣ. ಮದಿವಿ, ಸತ್ತವರ ಮಣ್ಣು, ಯಾತ್ರಿ. ನಾಲ್ಕನೇದು ನಾ ಕೇಳಿಲ್ಲ."

"ಈಗ ಕೇಳ್ದಿಯಲ್ಲ."

"ಮಂದಿ ಏನಂತಾರ?"

"ಸುಂದರಬಾಯಿ ಸಮುದ್ರ ನೋಡ್ಲಾಕ ಹೋದಳು ಅಂತಾರ. ಖರೇನೇ ಅಂದಂಗಾತು."

ನನ್ನ ಅಜ್ಜ ಕೆಟ್ಟವನಲ್ಲ, ಹೆದರುಪುಕ್ಕ. ಊರು ಏನಂದೀತು ಎಂಬ ಒಂದೇ ದೇವರಿಗೆ ಆತ ದಿನವೂ ಊದಿನಕಡ್ಡಿ ಹಚ್ಚುತ್ತಿದ್ದ. ಸ್ವಲ್ಪ ಯೋಚಿಸಿ ಒಂದು ದಾರಿ ಕಂಡುಹಿಡಿದ. "ಕಾಶಿಗಿ ಹೊಂಟೀನಿ ಅಂತ ಹೇಳ್ರಿ. ಮಂದಿ ಬುತ್ತಿ ತರ್ತಾರ, ಆರತಿ ಬೆಳಗ್ತಾರ, ನಾನೇ ಬೀದರ ತನಕ ಬಂದು ಗಾಡಿ ಹತ್ತಿಸ್ತೇನಿ. ಅಲ್ಲಿಂದ ಮುಂದ ಎಲ್ಲಿಗಿ ಹೋದ್ರಿ ಅಂತ ಯಾರು ನೋಡ್ತಾರ?"

ಸುಂದರಬಾಯಿ ಕೊರಳಿನ ದಾರ ಹಿಡಿದು, ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಸೆರಗಿನಿಂದ ಹೊರಗೆ ತೆಗೆದು ಅಂಗೈಯಲ್ಲಿಟ್ಟುಕೊಂಡಳು. "ಇದೇನು, ಮನ್ಮಥಪ್ಪ?"

"ಲಿಂಗ."

"ಐವತ್ತ ವರ್ಷ ಎದಿ ಮ್ಯಾಲ ಇಟ್ಕೊಂಡೀನಿ. ದಿನಾ ಅಂಗೈಯಾಗ ಇಟ್ಟು ಪೂಜಿ ಮಾಡೀನಿ. ಇಂಥಾ ದೇವರಿಗಿ, ನಿನ್ನ ನೋಡ್ಲಾಕ ಕಾಶಿಗಿ ಹೊಂಟೀನಪ್ಪ ಅಂತ ಹ್ಯಾಂಗ ಹೇಳ್ಲಿ? ಆತ ನಗಂಗಿಲ್ಲೇನು? ಕೊರಳಾಗ ಲಿಂಗ ಇದ್ದವರು ಎಲ್ಲಿಗಿ ಹೋದ್ರೂ ಬರೇ ಊರ ನೋಡ್ಲಾಕೇ ಹೋಗೋದು. ಉಳಿದವರು ಸುಳ್ಳ ಹೇಳ್ತಾರ, ನಾ ಹೇಳಂಗಿಲ್ಲ."

ಬಸವಣ್ಣನ ಹೆಸರು ಹೇಳದೆ ತುತ್ತು ಎತ್ತದ ನನ್ನ ಅಜ್ಜನಿಗೆ ಇದಕ್ಕೆ ಉತ್ತರ ಸಿಗಲಿಲ್ಲ. ಉತ್ತರ ಸಿಗದ ಗಂಡಸರು ಮಾಡುವುದನ್ನೇ ಆತನೂ ಮಾಡಿದ. ಎದ್ದು ನಿಂತು ದನಿ ಎತ್ತರಿಸಿದ.

"ಹಂಗ ಹೋಗೋದಿದ್ರ ತಿರುಗಿ ಈ ಮನಿಗಿ ಬರೋದು ಬ್ಯಾಡ್ರಿ!"

"ಬಂದ ಮ್ಯಾಲ ನೋಡಮು."

ಆಕೆಯ ಬಾಯಿ ಜೋರಾಗಿತ್ತು, ಆದರೆ ಹೆದರಿಕೆ ಇರಲಿಲ್ಲವೆಂದಲ್ಲ. ಮಕ್ಕಳಿಲ್ಲದ ವಿಧವೆ. ತವರಿನಲ್ಲಿ ತಾಯಿಯಿಲ್ಲ, ತಂದೆಯಿಲ್ಲ, ಹೊಲದ ತುಂಡೊಂದು ಬಿಟ್ಟರೆ ಕಾಲು ಚಾಚಲು ಜಾಗವಿಲ್ಲ. ಭಾಲ್ಕಿಯ ಈ ಮನೆ ಕೈಬಿಟ್ಟರೆ ಆಕೆಗೆ ಮನೆಯೇ ಇಲ್ಲ. ಒಂದು ಸುಳ್ಳು ಹೇಳಿದ್ದರೆ ಮನೆಯೂ ಉಳಿಯುತ್ತಿತ್ತು, ಸಮುದ್ರವೂ ಸಿಗುತ್ತಿತ್ತು. ಅಷ್ಟು ಸುಲಭ ಇತ್ತು. ಹೇಳಲಿಲ್ಲ.

ಯಾತ್ರೆಗೆ ಹೊರಟವರಿಗೆ ಮನೆಮನೆಯಿಂದ ಬುತ್ತಿ ಬರುವುದು ನಮ್ಮ ಕಡೆಯ ಪದ್ಧತಿ. ಸುಂದರಬಾಯಿಗೆ ಒಂದು ರೊಟ್ಟಿಯೂ ಬರಲಿಲ್ಲ. ಎಲ್ಲಿಗೆ ಎಂದು ಕೇಳಿದವರಿಗೆಲ್ಲ ಆಕೆ ನೆಟ್ಟಗೆ ಹೇಳುತ್ತಿದ್ದಳು, ಕೇಳಿದವರು ಮೂಗಿನ ಮೇಲೆ ಬೆರಳಿಟ್ಟು ಹೋಗುತ್ತಿದ್ದರು. ನನ್ನ ಅಜ್ಜಿ ಕೌಸಲ್ಯಾಬಾಯಿ ಒಲೆಯ ಮುಂದೆ ಕೂತು ಸೌದೆ ಸರಿಸುತ್ತಿದ್ದಳು, ಅಷ್ಟೇ. ಗಂಡನ ಮುಂದೆ ಆಕೆ ಬಾಯಿ ಬಿಟ್ಟಿದ್ದನ್ನು ಆವರೆಗೆ ಯಾರೂ ಕಂಡಿರಲಿಲ್ಲ.

ಹಾಗಾಗಿ ಆಕೆ ತನ್ನ ಗಂಟನ್ನು ತಾನೇ ಕಟ್ಟಿದಳು. ಜನ ಏನು ತಪ್ಪು ಮಾಡುತ್ತಾರೆಂದರೆ, ಮನೆಯನ್ನೇ ಹೊತ್ತುಕೊಂಡು ಹೊರಡುತ್ತಾರೆ. "ಬೇಕು ಅಂದದ್ದು ತಗೋ, ಬೇಕಾದೀತು ಅಂದದ್ದು ಬಿಡು" ಎಂಬುದು ಆಕೆಯ ಮೊದಲ ಮಾತು. ಎರಡನೆಯದು, ಒಂದು ದೊಡ್ಡ ಗಂಟು ಕಟ್ಟಬಾರದು. ಅದನ್ನು ಎತ್ತಲು ಬೇರೆಯವರ ಮುಖ ನೋಡಬೇಕಾಗುತ್ತದೆ. ಸಮ ತೂಕದ ಎರಡು ಸಣ್ಣ ಗಂಟು ಕಟ್ಟಿ ಎರಡೂ ಕೈಗೆ ಒಂದೊಂದು ಹಿಡಿದರೆ ಬೆನ್ನು ನೆಟ್ಟಗಿರುತ್ತದೆ.

ಬುತ್ತಿಯಲ್ಲಿ ಆಕೆಯದು ಕಟ್ಟುನಿಟ್ಟು. ಮೊದಲ ದಿನಕ್ಕೆ ಮೆತ್ತಗಿನ ಜೋಳದ ರೊಟ್ಟಿ, ಅದು ಎಲ್ಲಕ್ಕಿಂತ ಮೇಲೆ. ಎರಡನೇ ದಿನಕ್ಕೆ ಹಾಲಿನಲ್ಲಿ ಕಲಸಿದ ದಶಮಿ ರೊಟ್ಟಿ, ಅದರ ಕೆಳಗೆ. ಮೂರನೇ ದಿನದಿಂದ ಮುಂದಕ್ಕೆ ಕಟಕ ರೊಟ್ಟಿ, ಒಲೆಯ ಬದಿಗೆ ನಿಲ್ಲಿಸಿ ಹಪ್ಪಳದ ಹಾಗೆ ಒಣಗಿಸಿದ್ದು. ಅದು ಗಂಟಿನ ತಳದಲ್ಲಿ, ಬಟ್ಟೆಯ ಮಡಿಕೆಗಳ ನಡುವೆ, ಮುರಿಯದ ಹಾಗೆ. ಎಣ್ಣೆ ಇಳಿಯುವ ಉಪ್ಪಿನಕಾಯಿ ಕೂಡದು. ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಒಣ ಚಟ್ನಿಪುಡಿಗಳು, ಒಂದು ಸಣ್ಣ ಚೀಲ ಪುಠಾಣಿ ಅಂದರೆ ಹುರಿಗಡಲೆ, ಬೆಲ್ಲ, ನಾಲ್ಕು ಉಳ್ಳಾಗಡ್ಡಿ. ಹೊಟ್ಟೆ ತೊಳಸಿದರೆ ಬಾಯಲ್ಲಿಡಲು ಒಣಶುಂಠಿ. ಕಾಲಿಗೆ ತಿಕ್ಕಲು ಸಣ್ಣ ಸೀಸೆಯಲ್ಲಿ ಹರಳೆಣ್ಣೆ. ಕುಡಿಯಲು ತಿರುಪಿನ ಮುಚ್ಚಳದ ಫಿರಕಿ ತಂಬಿಗೆ, ಏಕೆಂದರೆ ಗಾಡಿ ಅಲುಗಿದರೆ ಹೂಜಿಯ ನೀರು ಸೀರೆ ಕುಡಿಯುತ್ತದೆ, ನಾವು ಕುಡಿಯುವುದಿಲ್ಲ. ಎರಡು ಸೀರೆ, ವಿಭೂತಿ ಗಟ್ಟಿ, ಒಂದು ಕೌದಿ. ಹಳೇ ಸೀರೆಗಳ ಚೂರು ಹೊಲಿದ ಆ ಕೌದಿಯನ್ನು ನಾಲ್ಕು ಮಡಿಕೆ ಹಾಕಿದರೆ ಕೂರಲು ಗಾದಿ, ಎರಡು ಮಡಿಕೆಗೆ ಹಾಸಿಗೆ, ಬಿಚ್ಚಿದರೆ ಹೊದಿಕೆ. ಗಾದಿ, ದಿಂಬು, ರಜಾಯಿ ಬೇರೆಬೇರೆ ಒಯ್ಯುವವರನ್ನು ಕಂಡರೆ ಆಕೆಗೆ ಕನಿಕರವೂ ನಗುವೂ ಒಟ್ಟಿಗೇ ಬರುತ್ತಿದ್ದವು.

ಜೊತೆಗೆ ಬಂದವಳು ಔರಾದಿನ ಕಾಂತಾಬಾಯಿ, ಕುರಿ ಕಾಯುವ ಮನೆಯವಳು, ಸುಂದರಬಾಯಿಯ ಬಾಲ್ಯದ ಗೆಳತಿ, ಆಕೆಯೂ ವಿಧವೆ. ಹೇಳಿಕಳಿಸಿದ ಮೂರನೇ ದಿನಕ್ಕೆ, ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಹೆಗಲ ಮೇಲೆ ಒಂದು ಕರಿ ಕಂಬಳಿ ಹಾಕಿಕೊಂಡು ಬಂದಳು. ಯಾಕೆ ಎಂದು ಕೇಳಲಿಲ್ಲ. "ಎಂದ ಹೊಂಟೀವು?" ಎಂದಷ್ಟೇ ಕೇಳಿದಳು.

ಬಾಬುಮಿಯಾನ ಚಕ್ಕಡಿ ಬಾಗಿಲಿಗೆ ಬಂತು. ಅಜ್ಜ ಅಂಗಡಿಗೆ ಹೋಗಿಬಿಟ್ಟಿದ್ದ. ಓಣಿಯ ಬಾಗಿಲುಗಳೆಲ್ಲ ಅರ್ಧ ತೆರೆದು ಅರ್ಧ ಮುಚ್ಚಿದ್ದವು, ನೋಡಬೇಕು ಆದರೆ ನೋಡಿದ್ದು ಕಾಣಬಾರದು ಎನ್ನುವ ಹಾಗೆ. ಬಾಬುಮಿಯಾಗೆ ಬೇಸರವಾಯಿತು.

"ಅವ್ವಾರ, ಊರಿಗೆಲ್ಲ ಗಂಟ ಕಟ್ಟಿ ಕಳಿಸ್ದಾಕಿ ನೀವು. ನಿಮ್ಮನ್ನ ಕಳಿಸ್ಲಾಕ ಒಂದ ನಾಯಿನೂ ಬರಲಿಲ್ಲಲ್ರಿ."

"ನಾಯಿ ಬಂದಿತ್ತು ಬಾಬುಮಿಯಾ, ರೊಟ್ಟಿ ತಿಂದು ಹೋತು. ಮಂದಿನೇ ಬಂದಿಲ್ಲ. ಹೂಡು."

ಚಕ್ಕಡಿಯಲ್ಲಿ ಅಚ್ಚಿನ ಮೇಲೆ ಕೂತರೆ ಸೊಂಟ ಮುರಿಯುತ್ತದೆ ಎಂದು ಇಬ್ಬರೂ ಹಿಂದಕ್ಕೆ ಸರಿದು, ಹುಲ್ಲಿನ ಮೇಲೆ ಕೌದಿ ಹಾಸಿ, ಗಂಟುಗಳಿಗೆ ಬೆನ್ನು ಆನಿಸಿ ಕೂತರು. ಬೀದರಿನ ಹತ್ತಿರದ ನೌಬಾದ ದಾಟುವಾಗ ಬಿಸಿಲು ಇಳಿದಿತ್ತು. ಬೀದರಿನಲ್ಲಿ ಉಳಿದು ಮರುದಿನ ಮುಂಜಾನೆ ರೈಲು ಹತ್ತಿದರು. ವಿಕಾರಾಬಾದಿನಲ್ಲಿ ಇಳಿದು ಬೇರೆ ಗಾಡಿ, ವಾಡಿಯಲ್ಲಿ ಮತ್ತೊಂದು ಗಾಡಿ. ಪ್ರತಿ ಸಲ ಇಳಿದು ಹತ್ತುವಾಗ ಜನ ತಮ್ಮ ಸಾಮಾನಿನ ಹಿಂದೆ ಬಿದ್ದು ಅಳುತ್ತಿದ್ದರು, ಈ ಇಬ್ಬರು ಎರಡೂ ಕೈಯಲ್ಲಿ ಗಂಟು ಹಿಡಿದು ನಡೆದು ಹೋಗುತ್ತಿದ್ದರು.

ವಾಡಿಯಿಂದ ಮುಂದಕ್ಕೆ ಹೆಂಗಸರ ಜನಾನಾ ಡಬ್ಬಿಯಲ್ಲಿ ಎದುರಿಗೆ ಕೂತವಳು ಬೀದರಿನ ಮಹಮೂದಾ ಬೇಗಂ. ಅಣ್ಣ ಹಜ್ ಯಾತ್ರೆಗೆ ಹೊರಟಿದ್ದ, ಮುಂಬೈಯಲ್ಲಿ ಹಡಗು ಹತ್ತಿಸಿ ಬರಲು ಈಕೆಯೂ ಹೊರಟಿದ್ದಳು. ಗಂಡಸರು ಮುಂದಿನ ಡಬ್ಬಿಯಲ್ಲಿದ್ದರು, ಸಾಮಾನೆಲ್ಲ ಈಕೆಯ ಕಾಲ ಬಳಿ. ದೊಡ್ಡ ತಗಡಿನ ಟ್ರಂಕು, ಮೂರು ದಿಂಬು, ಪಾನದಾನ, ನೀರಿನ ಹೂಜಿ. ಹೂಜಿ ಆಗಲೇ ಒಡೆದಿತ್ತು. ಕೂರಲು ಜಾಗವಿಲ್ಲದೆ ಕಾಲು ಜೋತುಬಿಟ್ಟು, ಪಾದ ಊದಿಸಿಕೊಂಡು, ಪಾಪ, ಅಳುವುದೊಂದು ಬಾಕಿ.

ಸುಂದರಬಾಯಿಗೆ ಇಂಥದ್ದನ್ನು ಸುಮ್ಮನೆ ನೋಡುವ ಅಭ್ಯಾಸವಿಲ್ಲ. ಎದ್ದು ಟ್ರಂಕನ್ನು ಎರಡು ಹಲಗೆಗಳ ನಡುವೆ ಎಳೆದು, ಮೇಲೆ ಕೌದಿ ಹಾಸಿದಳು. "ಕಾಲ ಇದರ ಮ್ಯಾಲ ಚಾಚ್ರಿ. ಕಾಲ ಜೋತ ಬಿಟ್ರ ಊದ್ತಾವ. ಎರಡ ಟೇಶನ್ನಿಗೊಮ್ಮೆ ಎದ್ದು ನಿಂದರ್ರಿ, ಆ ತುದಿಯಿಂದ ಈ ತುದಿಗಿ ನಡೀರಿ." ಹರಳೆಣ್ಣೆಯ ಸೀಸೆ ಕೈಗೆ ಕೊಟ್ಟಳು. ಫಿರಕಿ ತಂಬಿಗೆಯ ನೀರು ಬೇಗಂ ಕುಡಿಯಲು ಅನುಮಾನಿಸಿದಾಗ, "ನೀರಿನ ಮ್ಯಾಲ ಜಾತಿ ಬರೆದಿಲ್ಲ, ಕುಡೀರಿ" ಎಂದಳು. ಮರುದಿನ ಹೊತ್ತು ಏರಿದಾಗ ಸುಂದರಬಾಯಿ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಳು. ಬೇಗಂ ತನ್ನ ದಿಂಬುಗಳನ್ನು ಸರಿಸಿ ಜಾಗ ಮಾಡಿಕೊಟ್ಟಳು. ಮಧ್ಯಾಹ್ನ ಬೇಗಂಳ ನಮಾಜಿನ ಹೊತ್ತಿಗೆ ಇವರಿಬ್ಬರು ಮೂಲೆಗೆ ಸರಿದರು. ಆಮೇಲೆ ಮೂವರೂ ಕಟಕ ರೊಟ್ಟಿ ತಿಂದರು.

"ನೀವು ಎಲ್ಲಿಗ್ರಿ? ಯಾತ್ರಾನಾ?" ಬೇಗಂ ಕೇಳಿದಳು.

"ಇಲ್ರಿ. ಸಮುದ್ರ ನೋಡ್ಲಾಕ."

"ಖಾಲಿ ನೋಡ್ಲಾಕ?"

"ಖಾಲಿ ನೋಡ್ಲಾಕ."

ಮಹಮೂದಾ ಬೇಗಂ ಹತ್ತಿರಕ್ಕೆ ಸರಿದಳು. "ನಾನೂ ನಿಮ್ಮಂಗ ಹೇಳ್ಬೇಕಿತ್ತು. ಅಣ್ಣನ್ನ ಹತ್ತಿಸ್ಲಾಕ ಬರ್ತೇನಿ ಅಂತ ಹೇಳಿ ಬಂದೀನಿ" ಎಂದು ಸಣ್ಣ ದನಿಯಲ್ಲಿ ಅಂದಳು. ಸುಂದರಬಾಯಿಗೆ ಮೊದಲ ಸಲ ತಾನೊಬ್ಬಳೇ ಅಲ್ಲ ಎನ್ನಿಸಿತು.

ಮುಂಬೈಯಲ್ಲಿ ರೈಲು ನಿಲ್ದಾಣದ ಹತ್ತಿರದ ಒಂದು ಧರ್ಮಶಾಲೆಗೆ ಹೋದರೆ ಅಲ್ಲಿನ ಮುನೀಮ, ಇದು ಯಾತ್ರಿಕರಿಗೆ ಮಾತ್ರ, ನೀವು ಯಾವ ಯಾತ್ರೆ ಎಂದು ಮರಾಠಿಯಲ್ಲಿ ಕೇಳಿದ. ಕಾಂತಾಬಾಯಿ ಮೊಣಕೈಯಿಂದ ತಿವಿದಳು, ಏನಾದರೂ ಹೇಳಿಬಿಡು ಎಂದು. ಸುಂದರಬಾಯಿ ಎದೆಯ ಮೇಲಿನ ಕರಡಿಗೆ ಮುಟ್ಟಿ, ಗಡಿನಾಡಿನ ಮರಾಠಿಯಲ್ಲೇ ಹೇಳಿದಳು: ನಾನು ಯಾತ್ರೆಯವಳಲ್ಲ, ಸಮುದ್ರ ನೋಡಲು ಬಂದವಳು. ಆದರೆ ದೇವರು ನನ್ನ ಜೊತೆಗೆ ಬಂದಿದ್ದಾನೆ. ಆತನನ್ನು ಹೊರಗೆ ಮಲಗಿಸುವುದಾದರೆ ಹೇಳಿ, ನಾವೂ ಹೊರಗೇ ಮಲಗುತ್ತೇವೆ. ಮುನೀಮ ತಲೆ ಕೆರೆದುಕೊಂಡು ಕೋಣೆ ತೋರಿಸಿದ.

ಮರುದಿನ ಮುಂಜಾನೆ ದಾರಿ ಕೇಳುತ್ತ ಕೇಳುತ್ತ ಚೌಪಾಟಿಗೆ ಹೋದರು. ಮರಳಿಗೆ ಕಾಲಿಟ್ಟ ಕೂಡಲೆ ಸುಂದರಬಾಯಿ ಬಲಗಡೆ ನೋಡಿದಳು. ಅಲ್ಲಿ ನೀರಿನಾಚೆ ಗುಡ್ಡ, ಗುಡ್ಡದ ಮೇಲೆ ಮನೆ, ಮರ.

"ಅಗಾ ನೋಡು ಕಾಂತಾ, ದಂಡಿ! ನಾ ಹೇಳಿದ್ದಿಲ್ಲೇನು, ಸುಳ್ಳ ಹೇಳ್ಯಾರಂತ!" ಮೂವತ್ತು ವರ್ಷದ ವಾದ ಗೆದ್ದ ಹುಮ್ಮಸ್ಸಿನಲ್ಲಿ ಕೂಗಿದಳು.

ಕಾಂತಾಬಾಯಿ ಗೆಳತಿಯ ಗದ್ದ ಹಿಡಿದು ಮುಖವನ್ನು ಎದುರಿಗೆ ತಿರುಗಿಸಿದಳು.

ಎದುರಿಗೆ ಏನೂ ಇರಲಿಲ್ಲ. ನೀರು, ನೀರಿನಾಚೆ ನೀರು, ಅದರಾಚೆ ಆಕಾಶ. ಸುಂದರಬಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಹುಡುಕಿದಳು. ಆಮೇಲೆ ಮರಳ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. "ಖರೇನೇ ಹೇಳಿದ್ರಲ್ಲ! ಹಂಗಾದ್ರ ಕರ್ಕೊಂಡು ಬರಬೇಕಿತ್ತಿಲ್ಲ? ಒಬ್ಬರೇ ನೋಡಿ ಸತ್ತುಹೋದ್ರಲ್ಲ!" ಎಂದು ಸತ್ತ ಗಂಡನನ್ನು ಬೈದಳು. ಕಾಂತಾಬಾಯಿ ಕಂಬಳಿ ಹೊದಿಸಿ ಪಕ್ಕದಲ್ಲಿ ಕೂತು, ಸುಮ್ಮನೆ ಪುಠಾಣಿ ತಿಂದಳು. ಎಂಟು ದಿನ ಮುಂಬೈಯಲ್ಲಿದ್ದರು, ಎಂಟು ದಿನವೂ ಅಲ್ಲಿಗೇ ಹೋದರು. ಬೇರೆ ಏನೂ ನೋಡಲಿಲ್ಲ, ನೋಡಬೇಕೆನ್ನಿಸಲೂ ಇಲ್ಲ.

ಇತ್ತ ಭಾಲ್ಕಿಯಲ್ಲಿ ನನ್ನ ಅಜ್ಜ ಕೈಕಟ್ಟಿ ಕೂತಿರಲಿಲ್ಲ. ಅತ್ತಿಗೆ ಹೋದ ನಾಲ್ಕನೇ ದಿನ, ಬೀದರದ ಗಂಜ್ ಪೇಟೆಯ ಅಡತಿ ಅಂಗಡಿಯಿಂದ ಬಂದ ಯಾವುದೋ ಕಾಗದವನ್ನು ಹಿಡಿದು ಊರಿಗೆಲ್ಲ ಸುದ್ದಿ ಹೇಳಿದ: ವೈನಿಯ ಕಾಗದ ಬಂದಿದೆ. ರೈಲಿನಲ್ಲಿ ಮನಸ್ಸು ತಿರುಗಿತಂತೆ. ಸಮುದ್ರವೂ ಬೇಡ, ಏನೂ ಬೇಡ ಎಂದು ನೆಟ್ಟಗೆ ಕಾಶಿಗೆ ಹೋದರಂತೆ. ವಿಶ್ವನಾಥ ತಾನೇ ಎಳೆದುಕೊಂಡನಂತೆ.

ಊರಿಗೆ ಇದಕ್ಕಿಂತ ರುಚಿಯಾದ ಸುದ್ದಿ ಯಾವುದಿದೆ? ಹಟಮಾರಿ ಹೆಂಗಸಿನ ಮೂಗುದಾರವನ್ನು ದೇವರೇ ಹಿಡಿದನೆಂದರೆ ಎಲ್ಲರಿಗೂ ಸಮಾಧಾನ. ಮೂಗಿನ ಮೇಲೆ ಬೆರಳಿಟ್ಟವರೇ ಆರತಿಯ ತಟ್ಟೆ ತೊಳೆದಿಟ್ಟರು.

ಹದಿನೈದನೇ ದಿನ ಗೆಳತಿಯರು ಬೀದರಿನಲ್ಲಿ ಬೇರೆಯಾದರು. ಕಾಂತಾಬಾಯಿ ಔರಾದಿನ ದಾರಿ ಹಿಡಿದಳು, ಸುಂದರಬಾಯಿ ಮೊದಲೇ ಗೊತ್ತುಮಾಡಿದ ದಿನಕ್ಕೆ ಬಂದು ಕಾದಿದ್ದ ಬಾಬುಮಿಯಾನ ಚಕ್ಕಡಿ ಹತ್ತಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಚಕ್ಕಡಿ ನಮ್ಮ ಓಣಿಯ ಬಾಯಿಗೆ ಬಂದಾಗ ಹಲಗೆ ಬಾರಿಸುವ ಸದ್ದು ಕೇಳಿಸಿತು. ಮನೆಯ ಅಂಗಳದ ತುಂಬ ಜನ. ಹೊಸ ಧೋತರ ಉಟ್ಟ ಅಜ್ಜ ಓಡಿ ಬಂದು, ಬಾಬುಮಿಯಾನನ್ನು ಕೆಳಗಿಳಿಸಿ, ಚಕ್ಕಡಿಯ ಮೂಕಿ ಹಿಡಿದು ಪಿಸುಗುಟ್ಟಿದ.

"ವೈನಿ, ಒಂದ ಮಾತು. ನೀವು ಕಾಶಿಗಿ ಹೋಗೀರಿ ಅಂತ ಊರಿಗಿ ಹೇಳೀನಿ. ಸುಳ್ಳ ನಾ ಹೇಳೀನ್ರಿ, ಪಾಪ ನಂದು. ನೀವು ಏನೂ ಹೇಳೋದು ಬ್ಯಾಡ. ಸುಮ್ಮ ಇರ್ರಿ, 'ಹೂಂ' ಸುದ್ದಾ ಅನಬ್ಯಾಡ್ರಿ. ಮನಿ ನಿಮ್ಮದೇ ಅದ, ಸಾಯೋತನ ಇರ್ರಿ."

ಅಜ್ಜನ ಕಣ್ಣಲ್ಲಿ ನೀರಿತ್ತಂತೆ. ಆತ ಅಷ್ಟು ಬೇಡಿಕೊಂಡದ್ದನ್ನು ಆಕೆ ಎಂದೂ ಕಂಡಿರಲಿಲ್ಲ. ದಣಿದಿದ್ದಳು, ಸೊಂಟ ಹಿಡಿದಿತ್ತು, ತನ್ನ ಒಲೆಯ ಹತ್ತಿರ ಕೂತು ಬಿಸಿ ರೊಟ್ಟಿ ತಿನ್ನಬೇಕೆನ್ನಿಸಿತ್ತು. ಸುಳ್ಳು ಹೇಳು ಎಂದರೆ ಆಗುವುದಿಲ್ಲ ಎನ್ನಬಹುದು. ಸುಮ್ಮನಿರು ಎಂದರೆ ಏನನ್ನುವುದು? ಸುಂದರಬಾಯಿ ಏನೂ ಹೇಳದೆ ಇಳಿದಳು. ಸುಮ್ಮನಿದ್ದುಬಿಡಬೇಕೆಂದೇ ಇಳಿದೆ ಎಂದು ಮುಂದೆ ತಾನೇ ಒಪ್ಪಿಕೊಂಡಳು.

ಅಂಗಳದಲ್ಲಿ ಮಣೆ ಹಾಕಿ ಕೂರಿಸಿದರು. ಮುಂದೆ ಕಾಲು ತೊಳೆದ ನೀರು ಹಿಡಿಯಲು ಹಿತ್ತಾಳೆಯ ಅಗಲ ಪರಾತ ಇಟ್ಟರು. ಕಾಶಿಯಿಂದ ಬಂದವರ ಕಾಲು ತೊಳೆದು, ಆ ನೀರನ್ನು ತೀರ್ಥವೆಂದು ತಲೆಗೆ ಹಚ್ಚಿಕೊಳ್ಳುವುದು ನಮ್ಮಲ್ಲಿ ರೂಢಿ. ಕೌಸಲ್ಯಾಬಾಯಿ ನೀರು ತುಂಬಿದ ಕೊಡ ಹಿಡಿದು ಎದುರಿಗೆ ನಿಂತಳು. ಎಲ್ಲರಿಗಿಂತ ಮುಂದೆ, ಇನ್ನೊಬ್ಬರ ಕೈ ಹಿಡಿದು, ಓಣಿಯ ಕೊನೆಯ ಮನೆಯ ಮುದುಕಿ ಲಲಿತಾಬಾಯಿ ಬಂದು ಕೂತಿದ್ದಳು. ಆಕೆಯ ಎರಡೂ ಕಣ್ಣಿಗೆ ಹೂ ಬಿದ್ದು ವರ್ಷಗಳಾಗಿದ್ದವು. ಮುಂಜಾನೆಯಿಂದ ಉಪವಾಸ ಇದ್ದಳು.

ಲಲಿತಾಬಾಯಿ ಬೊಗಸೆ ಒಡ್ಡಿದಳು. "ಸುಂದರವ್ವ, ಮೊದಲಿನ ನೀರ ನನಗ ಹಾಕವ್ವ. ಕಣ್ಣಿಗಿ ಹಚ್ಕೋತೇನಿ. ಕಾಶಿ ನೀರಿಗಿ ಕಣ್ಣ ಬರ್ತಾವಂತ."

ಸುಂದರಬಾಯಿ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು.

"ಬ್ಯಾಡವ್ವ. ಹಚ್ಕೋಬ್ಯಾಡ. ಇದು ಬರೇ ಧೂಳ." ತಲೆ ಎತ್ತಿ ಅಂಗಳದ ಜನರನ್ನೆಲ್ಲ ನೋಡಿದಳು. "ಹಲಗಿ ನಿಂದರಿಸ್ರಿ. ನಾ ಕಾಶಿಗಿ ಹೋಗಿಲ್ಲ. ಮನಸ ತಿರುಗಿಲ್ಲ, ಯಾರೂ ನನ್ನ ಎಳ್ಕೊಂಡಿಲ್ಲ. ಸಮುದ್ರ ನೋಡ್ಲಾಕ ಹೋಗಿದ್ದೆ. ನೋಡೀನಿ, ಬಂದೀನಿ."

ಹಲಗೆ ನಿಂತಿತು. ಯಾರೋ ಆರತಿಯ ದೀಪ ಆರಿಸಿದರು. ಲಲಿತಾಬಾಯಿ ಒಡ್ಡಿದ ಬೊಗಸೆಯನ್ನು ನಿಧಾನ ಮಡಿಲಿಗೆ ಇಳಿಸಿಕೊಂಡಳು. ಬೈಯುತ್ತಾಳೆಂದು ಎಲ್ಲರೂ ಕಾದರೆ, "ಹ್ಯಾಂಗದವ್ವ ಅದು, ಸಮುದ್ರ?" ಎಂದಳು.

"ಆಚಿ ದಂಡಿ ಕಾಣಂಗಿಲ್ಲವ್ವ."

"ಹಂಗಾರ ನಾ ದಿನಾ ಅದನ್ನೇ ನೋಡ್ತೇನಿ ತಗೋ" ಎಂದು ಮುದುಕಿ ಬೊಚ್ಚುಬಾಯಲ್ಲಿ ನಕ್ಕಳು.

ಬೇರೆ ಯಾರೂ ನಗಲಿಲ್ಲ. ಒಬ್ಬೊಬ್ಬರೇ ಚಪ್ಪಲಿ ಹುಡುಕತೊಡಗಿದರು. ನನ್ನ ಅಜ್ಜನ ಮುಖ ಕಪ್ಪಿಟ್ಟಿತ್ತು. ಇಡೀ ಊರಿನ ಎದುರು ಸುಳ್ಳನಾಗಿ ನಿಂತವನು, ಆ ಸಿಟ್ಟನ್ನೆಲ್ಲ ಕೂಡಿಸಿ ಬೆರಳು ತೋರಿಸಿದ.

"ನಾ ಹೇಳಿದ್ದು ಹೇಳಿದ್ದೇ. ಈ ಮನ್ಯಾಗ ಜಾಗ ಇಲ್ಲ. ನಡೀರಿ!"

ಸುಂದರಬಾಯಿ ಎರಡೂ ಕೈಯನ್ನು ನೆಲಕ್ಕೂರಿ ಏಳಲು ಹೋದಳು. ಆಗ ಭುಜದ ಮೇಲೆ ಒಂದು ಒದ್ದೆ ಕೈ ಬಿತ್ತು.

"ಕೂಡ್ರಿ ಅಕ್ಕ," ಕೌಸಲ್ಯಾಬಾಯಿ ಹೇಳಿದಳು. "ಕಾಲ ಮುಂದ ಮಾಡ್ರಿ."

"ಕೇಳಲಿಲ್ಲೇನ ಕೌಸಲ್ಯಾ, ನಾ ಕಾಶಿಗಿ ಹೋಗಿಲ್ಲ."

"ಕೇಳ್ದೆ. ಕಾಲಿಗಿ ಧೂಳ ಆಗ್ಯದ. ದೂರದಿಂದ ಬಂದೀರಿ, ತೊಳ್ಕೊಂಡು ಒಳಗ ಬರ್ರಿ. ಅಡಗಿ ಆಗ್ಯದ."

"ಏ! ಒಳಗ ನಡಿ!" ಅಜ್ಜ ಕೂಗಿದ.

ನನ್ನ ಅಜ್ಜಿ ತಿರುಗಿ ನೋಡಲಿಲ್ಲ. "ನಡೀತೇನ್ರಿ. ಅಕ್ಕನ್ನ ಕರ್ಕೊಂಡೇ ನಡೀತೇನಿ. ಆಕಿಗಿ ಜಾಗ ಇಲ್ಲಂದ್ರ ಹೇಳ್ರಿ, ಈ ಕೊಡ ಇಲ್ಲೇ ಇಟ್ಟು ನಾನೂ ಆಕಿ ಕೂಡ ಹೋಗ್ತೇನಿ."

ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿದ್ದವರು ಹಾಗೇ ನಿಂತರು. ಅಜ್ಜ ಕಟ್ಟೆಯ ಮೇಲೆ ಕೂತುಬಿಟ್ಟ. ಕೌಸಲ್ಯಾಬಾಯಿ ಪರಾತವನ್ನು ಕಾಲಿನಿಂದ ಬದಿಗೆ ಸರಿಸಿದಳು. ಬಗ್ಗಿ ಕೂತು, ಸುಂದರಬಾಯಿಯ ಪಾದಗಳನ್ನು ಹೊರಗೆಳೆದು ನೀರು ಸುರಿದು, ಹಿಮ್ಮಡಿಯಿಂದ ಬೆರಳಿನವರೆಗೆ ತಿಕ್ಕಿ ತಿಕ್ಕಿ ತೊಳೆದಳು. ಕೆಸರು ನೀರು ಅಂಗಳದ ಮಣ್ಣಿಗೆ ಹರಿದು ಹೋಯಿತು, ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.